ಮೂಕವಾಗಿದ್ದ ಲ್ಯೂಟ್‌ಗೆ ಕರುಳಿನ ತಂತಿ

ಲ್ಯೂಟ್ ಮನೆಗೆ ಬಂದಿದ್ದು ನವೆಂಬರ್ ಕೊನೆಯ ವಾರ. ಗುಂಡು ಬೆನ್ನಿನ, ಬೆರಳಿನಿಂದ ಮೀಟುವ ಯುರೋಪಿನ ಹಳೆಯ ತಂತಿವಾದ್ಯ ಅದು. ಮ್ಯೂನಿಕ್‌ನಲ್ಲಿ ಆಗಲೇ ಹೀಟರ್ ಶುರುವಾಗಿ ಒಂದು ತಿಂಗಳು ಕಳೆದಿತ್ತು. ಸೆಕೆಂಡ್ ಹ್ಯಾಂಡ್ ವಾದ್ಯ. 16ನೇ ಶತಮಾನದ ಕೊನೆಯ ಮಾದರಿ ನೋಡಿಕೊಂಡು ಈಚೆಗೆ ಮಾಡಿದ್ದು. ಏಳು ಜೋಡಿ ತಂತಿ. ಮೇಲಿನದು ಮಾತ್ರ ಒಂಟಿ, ಹಾಗಾಗಿ ತಂತಿ ಬಿಗಿಸುವ ಬಿರಡೆ 13. ಮೀಟುವ ತಂತಿಯ ಉದ್ದ 60 ಸೆಂಟಿಮೀಟರ್.

ಪೆಟ್ಟಿಗೆಯಿಂದ ಎತ್ತಿದ ಕೂಡಲೇ ಅನ್ನಿಸಿದ್ದು, ಇಷ್ಟು ಹಗುರಾನಾ? ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟೆ. 780 ಗ್ರಾಂ. ಮೈಸೂರಿನಲ್ಲಿ ಅಮ್ಮನ ವೀಣೆಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಬೇಕಾದರೆ ಎರಡೂ ಕೈ ಬೇಕಿತ್ತು. ಅದು ಹಲಸಿನ ಮರವನ್ನು ಕೊರೆದು ಮಾಡಿದ ವಾದ್ಯ. ಇದರ ಹೊಟ್ಟೆಯನ್ನು ಕೊರೆದಿಲ್ಲ, ಜೋಡಿಸಿದ್ದಾರೆ. ಒಂದೂವರೆ ಮಿಲಿಮೀಟರಿನ ತೆಳು ಪಟ್ಟಿಗಳನ್ನು ಬಿಸಿ ಮಾಡಿ ಬಗ್ಗಿಸಿ, ಒಂದರ ಅಂಚಿಗೆ ಇನ್ನೊಂದನ್ನು ಅಂಟಿಸಿದ್ದಾರೆ. ಮೇಲ್ಹಲಗೆ ಸ್ಪ್ರೂಸ್ ಮರ, ಅದೂ ಅಷ್ಟೇ ತೆಳು. ದೀಪದ ಮುಂದೆ ಹಿಡಿದರೆ ಅದರಲ್ಲಿ ಕೊರೆದ ಜಾಲರಿಯ ಅಂಚಿನಲ್ಲಿ ಬೆಳಕು ಕೆಂಪಗೆ ಸೋರುತ್ತದೆ.

ಇಷ್ಟು ಹಗುರದ ವಾದ್ಯ ಮುಟ್ಟಿದರೆ ಸಾಕು ಹಾಡಬೇಕು, ಅಲ್ವಾ? ಹಾಡಲಿಲ್ಲ. ಮೇಲಿನ ತಂತಿ ರಬ್ಬರ್ ಬ್ಯಾಂಡ್ ತರಹ ಸದ್ದು ಮಾಡಿತು. ಕೆಳಗಿನ ತಂತಿಗಳು ಲೋಹ ಸುತ್ತಿದವು. ಅವು ಗಂಟೆಯ ಹಾಗೆ ನಿಲ್ಲದೆ ಮೊಳಗಿ, ಮೇಲಿನ ಸ್ವರಗಳನ್ನೆಲ್ಲ ನುಂಗಿಹಾಕಿದವು. ಕೊಟ್ಟವರು "ಲ್ಯೂಟ್ ಅಂದರೆ ಮೆಲುದನಿಯ ವಾದ್ಯ, ಹೀಗೇ ಇರೋದು" ಅಂದಿದ್ದರು. ನನಗೆ ನಂಬಿಕೆ ಬರಲಿಲ್ಲ. ಮೆಲುದನಿ ಬೇರೆ, ಮೂಕತನ ಬೇರೆ.

ಆ ರಾತ್ರಿ ಸಿಕ್ಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತಂತಿ ಎಲ್ಲ ದಪ್ಪ ನೈಲಾನ್, ಗಿಟಾರಿನಷ್ಟು ಬಿಗಿ. ಸ್ವರಕ್ಕೆಂದು ಬೆರಳೊತ್ತುವ ಮೆಟ್ಟಿಲುಗಳೂ ದಂಡಿಗೆ ಸುತ್ತಿದ ನೈಲಾನ್ ದಾರ, ಎಂಟಕ್ಕೆ ಎಂಟೂ ಒಂದೇ ದಪ್ಪ. ಬಿರಡೆ ಒಣಗಿ ಜಾರುತ್ತಿವೆ. ಅದರ ಕೆಳಗೆ, ಬಲಗೈ ನನ್ನದೇ, ಅದೂ ಸರಿಯಿಲ್ಲ ಅಂತ ಸೇರಿಸಿದೆ. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ದಿನ ತೆಗೆದುಕೊಂಡಿದ್ದು ಅದೇ.

ಮೊದಲ ಶನಿವಾರ: ಗಸಗಸೆ

ತಂತಿ ಬಿಚ್ಚುವ ಮೊದಲು ಮರ ಚೆನ್ನಾಗಿದೆಯಾ ಅಂತ ತಿಳಿಯಬೇಕಿತ್ತು. ಮೇಲ್ಹಲಗೆಯ ಅಡಿಯಲ್ಲಿ ಅಡ್ಡಪಟ್ಟಿಗಳಿರುತ್ತವೆ. ಯಾವುದಾದರೂ ಅಂಟು ಬಿಟ್ಟಿದ್ದರೆ ಏನು ತಂತಿ ಹಾಕಿದರೂ ಪ್ರಯೋಜನವಿಲ್ಲ. ಕೈ ಹಾಕಿ ನೋಡೋಣವೆಂದರೆ ಲ್ಯೂಟಿಗೆ ಗಿಟಾರಿನ ಹಾಗೆ ತೆರೆದ ತೂತಿಲ್ಲ. ಅದೇ ಹಲಗೆಯಲ್ಲಿ ಕೊರೆದ ಜಾಲರಿ ಇದೆ. ರೋಸ್ ಅಂತಾರೆ. ಬೆರಳಲ್ಲ, ಪೆನ್ಸಿಲ್ ಕೂಡ ಒಳಗೆ ಹೋಗುವುದಿಲ್ಲ.

ಬೆರಳ ಗೆಣ್ಣಿನಿಂದ ಹಲಗೆಯ ಮೇಲೆಲ್ಲ ಬಡಿದು ಕೇಳಿದೆ. ಪಟ್ಟಿಯ ಮೇಲೆ ಬಡಿದರೆ ಗಟ್ಟಿ ಸದ್ದು, ಪಟ್ಟಿಗಳ ನಡುವೆ ಬಡಿದರೆ ತುಂಬಿದ ಸದ್ದು. ಎಲ್ಲೂ ಒಡಕು ಕೇಳಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಆಗ ನೆನಪಾಗಿದ್ದು ಕ್ಲಾಡ್ನಿ. 1787ರಲ್ಲಿ ಜರ್ಮನಿಯ ವಿಜ್ಞಾನಿ ಎರ್ನ್‌ಸ್ಟ್ ಕ್ಲಾಡ್ನಿ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಕಮಾನು ಎಳೆದು, ಕಂಪನದ ಚಿತ್ರಗಳನ್ನು ಅಚ್ಚು ಹಾಕಿಸಿದ. ತಗಡು ಕುಣಿಯುವ ಕಡೆ ಮರಳು ನಿಲ್ಲುವುದಿಲ್ಲ. ಕುಣಿಯದ ಗೆರೆಗಳಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಮರಳು ಉಜ್ಜಿದರೆ ಸ್ಪ್ರೂಸ್ ಗೀರಾಗುತ್ತದೆ. ಡಬ್ಬಿಯಲ್ಲಿ ಪಾಯಸಕ್ಕೆ ಇಟ್ಟಿದ್ದ ಗಸಗಸೆ ಇತ್ತು. ಗುಂಡಗೆ, ಹಗುರ, ಗೀರುವುದಿಲ್ಲ.

ಲ್ಯೂಟಿನ ಬೆನ್ನು ಗುಂಡು. ಮೇಜಿನ ಮೇಲೆ ಸುಮ್ನೆ ಇಟ್ಟರೆ ಉರುಳುತ್ತದೆ. ಬಟ್ಟೆ ಬುಟ್ಟಿಯಲ್ಲಿ ಟವೆಲ್ ಸುತ್ತಿಟ್ಟು ಅದರ ಮೇಲೆ ಮಟ್ಟವಾಗಿ ಮಲಗಿಸಿದೆ. ತಂತಿಗಳನ್ನು ಬಟ್ಟೆಯಿಂದ ಮುಚ್ಚಿ ಸುಮ್ಮನಾಗಿಸಿದೆ. ಒಂದು ಚಮಚ ಗಸಗಸೆ ಉದುರಿಸಿ, ಫೋನಿನಲ್ಲಿ ಒಂದೊಂದೇ ಸ್ವರ ಏರಿಸುತ್ತಾ, ಅದಕ್ಕೆ ಜೋಡಿಸಿದ ಸ್ಪೀಕರನ್ನು ಕುದುರೆಯ, ಅಂದರೆ ಹಲಗೆಯ ಮೇಲೆ ತಂತಿ ಕಟ್ಟುವ ಮರದ ಪಟ್ಟಿಯ, ಹತ್ತಿರ ಹಿಡಿದೆ.

ಸೆಕೆಂಡಿಗೆ 100 ಕಂಪನದಲ್ಲಿ ಏನೂ ಇಲ್ಲ. 130ರ ಹತ್ತಿರ ಬಂದಾಗ ಕುದುರೆಯ ಸುತ್ತ ಇದ್ದ ಕಾಳೆಲ್ಲ ಒಟ್ಟಿಗೆ ನಡುಗಿತು. ಅದು ಹೊಟ್ಟೆಯೊಳಗಿನ ಗಾಳಿಯ ಸ್ವರ. ಬಾಟಲಿಯ ಬಾಯಿಗೆ ಊದಿದರೆ ಬರುತ್ತದಲ್ಲ, ಅಂಥದ್ದೇ. ಇನ್ನೂ ಮೇಲೆ ಹೋದ ಹಾಗೆ ಕಾಳು ಸಾಲು ಕಟ್ಟತೊಡಗಿತು. ಸಾಲು ನಿಂತಿದ್ದು ಹೆಚ್ಚುಕಮ್ಮಿ ಅಡ್ಡಪಟ್ಟಿಗಳು ಇದ್ದ ಜಾಗದಲ್ಲೇ. ಕಣ್ಣಿಗೆ ಕಾಣದ ಪಟ್ಟಿಗಳ ನಕ್ಷೆಯನ್ನು ಗಸಗಸೆ ಬರೆದುಕೊಟ್ಟಿತು. ಎಲ್ಲೂ ಸಾಲು ಮುರಿದಿರಲಿಲ್ಲ. ಮರ ಗಟ್ಟಿಯಾಗಿದೆ ಅಂತ ಆಗ ಧೈರ್ಯ ಬಂತು.

ಜಾಲರಿಗೆ ಕಾಗದ ಮುಚ್ಚಿದ್ದೆ, ಆದರೆ ಅದು ನಡುಗಿ ಪಕ್ಕಕ್ಕೆ ಸರಿದಿದ್ದು ಗಮನಕ್ಕೆ ಬರಲಿಲ್ಲ. ಅರ್ಧ ಚಮಚದಷ್ಟು ಗಸಗಸೆ ಒಳಗೆ ಹೋಯಿತು. ವಾದ್ಯವನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸುತ್ತಾ ಒಂದು ಗಂಟೆ ಕಳೆದೆ. ಯಾರಾದರೂ ಇದನ್ನು ಮಾಡುವುದಾದರೆ ಕಾಗದದ ಅಂಚಿಗೆ ಭಾರ ಇಡಿ.

ತಂತಿ

ಹಳೆಯ ಲ್ಯೂಟಿನ ತಂತಿ ಅಂದರೆ ಕುರಿಯ ಕರುಳು. ಹೊಸೆದು, ಒಣಗಿಸಿ, ನಯ ಮಾಡಿದ್ದು. 1610ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಡೌಲ್ಯಾಂಡ್ ಹೊರತಂದ ಲ್ಯೂಟ್ ಪಾಠಗಳ ಪುಸ್ತಕದಲ್ಲಿ ಅವನ ತಂದೆ ಜಾನ್ ಡೌಲ್ಯಾಂಡ್ ತಂತಿ ಕೊಳ್ಳುವುದರ ಬಗ್ಗೆಯೇ ಪುಟಗಟ್ಟಲೆ ಬರೆದಿದ್ದಾನೆ. ಯಾವ ಊರಿನ ತಂತಿ ಯಾವುದಕ್ಕೆ ಒಳ್ಳೆಯದು, ನ್ಯೂರೆಂಬರ್ಗ್‌ನಲ್ಲಿ ಏನು ಮಾಡುತ್ತಾರೆ, ಬೊಲೊನ್ಯಾದಲ್ಲಿ ಏನು, ಎಲ್ಲ ಇದೆ. ಬೇಸಿಗೆಯಲ್ಲಿ ಮಾಡಿದ ತಂತಿ ಒಳ್ಳೆಯದು, ಅದು ಸೆಪ್ಟೆಂಬರ್ ಕೊನೆಗೆ ಫ್ರಾಂಕ್‌ಫರ್ಟ್, ಲೈಪ್‌ಸಿಗ್ ಸಂತೆಗಳಿಗೆ ಬರುತ್ತದೆ, ಆಗ ಕೊಳ್ಳಿ ಅನ್ನುತ್ತಾನೆ. ಆ ಕಾಲದ ದೊಡ್ಡ ವಾದಕರಲ್ಲಿ ಒಬ್ಬ, ನಮ್ಮೂರಿನ ಅಜ್ಜಿ ಹುಣಸೆಹಣ್ಣು ಆರಿಸುವ ಹಾಗೆ ತಂತಿ ಆರಿಸುವುದನ್ನು ಹೇಳಿಕೊಡುತ್ತಾನೆ. ಅದನ್ನು ಓದಿದ ಮೇಲೆ ಈ ಕೆಲಸ ದೂರದ್ದು ಅನ್ನಿಸಲಿಲ್ಲ.

ಪಾರ್ಸೆಲ್ ಬಂದ ದಿನ ಆ ಕಾಲದವರು ಹೇಳಿದ ಪರೀಕ್ಷೆಯನ್ನೇ ಮಾಡಿದೆ. ತಂತಿಯ ಎರಡೂ ತುದಿಯನ್ನು ಎರಡು ಕೈಯಲ್ಲಿ ಎಳೆದು ಹಿಡಿಯಬೇಕು. ಒಂದು ಬೆರಳಿನಿಂದ ಮೀಟಬೇಕು. ಒಳ್ಳೆಯ ತಂತಿ ಕಣ್ಣಿಗೆ ಎರಡು ಸ್ವಚ್ಛ ಎಳೆಯಾಗಿ ಕಾಣುತ್ತದೆ. ಕೆಟ್ಟದ್ದು ಮೂರು ನಾಲ್ಕು ಎಳೆಯಾಗಿ ಕಲಸಿಹೋಗುತ್ತದೆ. ಕಾರಣ ಸರಳ. ಉದ್ದಕ್ಕೂ ದಪ್ಪ ಒಂದೇ ಆಗಿದ್ದರೆ ತಂತಿ ಒಂದೇ ಬಾಗಿನಲ್ಲಿ ತೂಗುತ್ತದೆ. ಎಲ್ಲೋ ದಪ್ಪ ಎಲ್ಲೋ ಸಣ್ಣ ಇದ್ದರೆ ಅದರ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು, ಒಂದಕ್ಕೊಂದು ಹೊಂದುವುದಿಲ್ಲ. ಅಂಥ ತಂತಿಯನ್ನು ಎಷ್ಟು ತಿರುಗಿಸಿದರೂ ಶ್ರುತಿ ಕೂಡುವುದಿಲ್ಲ. ಬಂದ ತಂತಿಗಳಲ್ಲಿ ಎರಡನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದಾಗ ಸ್ಪಷ್ಟವಾಗಿ ಮೂರು ಎಳೆ ಕಂಡವು. ಅವು ಮೆಟ್ಟಿಲಿಗಾಗುತ್ತವೆ ಅಂತ ಬದಿಗಿಟ್ಟೆ.

ಮೇಲಿನ ತಂತಿಗೆ 0.42 ಮಿಲಿಮೀಟರ್ ಹಾಕಿದೆ. ಸ್ವರ ಸೆಕೆಂಡಿಗೆ 392 ಕಂಪನ. ಪಕ್ಕದ ಕೋಣೆಯಿಂದ ಟಕ್ ಅಂತ ಸದ್ದು ಕೇಳಿದ್ದು ಎರಡು ಗಂಟೆಯ ಮೇಲೆ. ತಂತಿ ಹೋಗಿತ್ತು. ಇನ್ನೊಂದು ಹಾಕಿದೆ. ಮಾರನೇ ದಿನ ಬೆಳಗ್ಗೆ ಅದೂ ಹೋಯಿತು. ಸ್ವಲ್ಪ ದಪ್ಪದ್ದು ಹಾಕೋಣ, ಗಟ್ಟಿಯಾಗಿರುತ್ತೆ ಅಂದುಕೊಂಡು 0.46 ಹಾಕಿದೆ. ಅದು ಶ್ರುತಿ ಮುಟ್ಟಿದ ಹತ್ತೇ ನಿಮಿಷಕ್ಕೆ ಹೋಯಿತು.

ಅಲ್ಲಿ ನಿಂತು ಲೆಕ್ಕ ಮಾಡಿದೆ. ಮೊದಲೇ ಮಾಡಬೇಕಿತ್ತು. 60 ಸೆಂಟಿಮೀಟರ್ ಉದ್ದ, 392 ಕಂಪನ, ಕರುಳಿನ ಸಾಂದ್ರತೆ ನೀರಿನ 1.3 ಪಟ್ಟು. 0.42ರ ತಂತಿಯನ್ನು ಆ ಸ್ವರಕ್ಕೆ ತರಲು 4.1 ಕಿಲೋ ಎಳೆತ ಬೇಕು. 0.46ಕ್ಕೆ 4.9 ಕಿಲೋ. ದಪ್ಪ ತಂತಿ ಜಾಸ್ತಿ ಭಾರ ತಡೆಯುತ್ತದೆ, ನಿಜ. ಆದರೆ ಅದೇ ಸ್ವರಕ್ಕೆ ಬರಬೇಕಾದರೆ ಅದನ್ನು ಅಷ್ಟೇ ಪಟ್ಟು ಜಾಸ್ತಿ ಎಳೆಯಬೇಕು. ಒಂದು ಚದರ ಮಿಲಿಮೀಟರಿಗೆ ಬೀಳುವ ಭಾರ ಎರಡರಲ್ಲೂ ಒಂದೇ, ಸುಮಾರು 29 ಕಿಲೋ. ಕರುಳು 30 ದಾಟಿದ ಮೇಲೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಅಂದರೆ ತಂತಿ ಯಾವ ಸ್ವರಕ್ಕೆ ಕಿತ್ತುಹೋಗುತ್ತದೆ ಅನ್ನುವುದು ದಪ್ಪದ ಮೇಲೆ ನಿಂತಿಲ್ಲ. ಉದ್ದ ಮತ್ತು ಸ್ವರ, ಇವೆರಡೇ ಅದನ್ನು ತೀರ್ಮಾನಿಸುವುದು.

ಇದು ತಲೆಗೆ ಹೋದ ಮೇಲೆ ಲ್ಯೂಟಿನ ಆಕಾರವೇ ಬೇರೆ ತರಹ ಕಾಣತೊಡಗಿತು. ದಪ್ಪ ಕರುಳು ಗಡಸು. ಮೀಟಿದರೆ ದಬ್ ಅಂತ ಸತ್ತ ದನಿ. ಅದಕ್ಕೆ ಜೀವ ಬರಬೇಕಾದರೆ ಆದಷ್ಟೂ ಉದ್ದ ಬೇಕು. ಸಣ್ಣ ತಂತಿ ಕಿತ್ತುಹೋಗದಿರಬೇಕಾದರೆ ಉದ್ದ ಮಿತಿಯಲ್ಲಿರಬೇಕು. ಹಾಗಾಗಿ ಮಾಡುವವರು ವಾದ್ಯವನ್ನು ಮೇಲಿನ ತಂತಿ ಇನ್ನೇನು ಹೋಗಬೇಕು ಅನ್ನುವ ಅಂಚಿನವರೆಗೂ ಉದ್ದ ಮಾಡಿದರು. ಮೊದಲು ಮೇಲಿನ ತಂತಿಯನ್ನು ಅದು ತಡೆಯುವಷ್ಟು ಏರಿಸಿ, ಆಮೇಲೆ ಉಳಿದದ್ದನ್ನು ಅದಕ್ಕೆ ಕೂಡಿಸಿ ಅಂತ ಹಳೆಯ ಪಾಠಗಳು ಹೇಳುತ್ತವೆ. ಓದಿದಾಗ ಒರಟು ಮಾತು ಅನ್ನಿಸಿತ್ತು. ಈಗ ಅದರ ಲೆಕ್ಕ ಕಂಡಿತು. ಕೆಳಗಿನ ಜೋಡಿಗಳಲ್ಲಿ ಒಂದು ದಪ್ಪ, ಒಂದು ಸಣ್ಣ ತಂತಿಯನ್ನು ಒಂದು ಸ್ಥಾಯಿ ಅಂತರದಲ್ಲಿ ಕಟ್ಟುವುದೂ ಇದಕ್ಕೇ. ದಪ್ಪದ್ದಕ್ಕೆ ಇಲ್ಲದ ಹೊಳಪನ್ನು ಸಣ್ಣದು ಕೊಡುತ್ತದೆ. ಲೋಹ ಸುತ್ತಿದ ತಂತಿ ಬಂದಿದ್ದು 17ನೇ ಶತಮಾನದ ನಡುವಿನ ಮೇಲೆ. ಅದಕ್ಕೂ ಮುಂಚಿನ ಮಾದರಿಯ ಈ ವಾದ್ಯದಲ್ಲಿ ಆ ಗಂಟೆಯ ಮೊಳಗು ಯಾಕೆ ಹೊಂದಲಿಲ್ಲ ಅನ್ನುವುದಕ್ಕೆ ಉತ್ತರ ಸಿಕ್ಕಿತು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಚಿತ್ರಕಾರ ಹೋಲ್‌ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರವಿದೆ. ಕೆಳಗಿನ ಕಪಾಟಿನಲ್ಲಿ ಒಂದು ಲ್ಯೂಟ್. ಅದರ ಒಂದು ತಂತಿ ಕಿತ್ತು ಸುರುಳಿಯಾಗಿ ನಿಂತಿದೆ. ಅದನ್ನು ಮನಸ್ತಾಪದ ಗುರುತು ಅಂತ ಓದುತ್ತಾರೆ. ಇರಬಹುದು. ಆದರೆ ಮೂರು ತಂತಿ ಕಳೆದುಕೊಂಡ ಆ ವಾರದಲ್ಲಿ ನನಗೆ ಕಂಡಿದ್ದು, ಆ ಸುರುಳಿಯನ್ನು ಹತ್ತಿರದಿಂದ ನೋಡಿದ ಕಣ್ಣು.

ಎರಡು ಕೆಲಸ ಮಾಡಿದೆ. ಇಡೀ ವಾದ್ಯವನ್ನು ಅರ್ಧ ಸ್ವರ ಇಳಿಸಿದೆ. 392ರ ಬದಲು 370. ಚದರ ಮಿಲಿಮೀಟರಿನ ಭಾರ 29ರಿಂದ 26ಕ್ಕೆ ಇಳಿಯಿತು. ಆಮೇಲೆ ಹೋದ ತಂತಿಗಳ ತುದಿ ನೋಡಿದೆ. ಮೂರೂ ಕಿತ್ತಿದ್ದು ಒಂದೇ ಜಾಗದಲ್ಲಿ, ನಟ್ ಹತ್ತಿರ. ಬಿರಡೆ ಪೆಟ್ಟಿಗೆಗೆ ತಿರುಗುವ ಮೊದಲು ತಂತಿ ಕೂರುವ ಎಲುಬಿನ ಪಟ್ಟಿ ಅದು. ಲ್ಯೂಟಿನ ಬಿರಡೆ ಪೆಟ್ಟಿಗೆ ಹೆಚ್ಚುಕಮ್ಮಿ ಲಂಬಕೋನದಲ್ಲಿ ಹಿಂದಕ್ಕೆ ಮಡಚಿಕೊಂಡಿರುತ್ತದೆ. ತಂತಿ ಅಲ್ಲಿ ಚೂಪಾಗಿ ತಿರುಗಲೇಬೇಕು. ಭೂತಗನ್ನಡಿ ಹಿಡಿದರೆ ತಂತಿ ಕೂರುವ ಕಚ್ಚಿನ ಅಂಚಿನಲ್ಲಿ ಕೂದಲೆಳೆಯಷ್ಟು ಚೂಪು ಕಾಣಿಸಿತು. ಮರಳುಕಾಗದದ ಸಣ್ಣ ಪಟ್ಟಿ ಕತ್ತರಿಸಿ, ಕಚ್ಚಿನಲ್ಲಿಟ್ಟು ಶೂ ಪಾಲಿಶ್ ಮಾಡುವ ಹಾಗೆ ಎಳೆದೆ. ಇಪ್ಪತ್ತು ಎಳೆತ ಸಾಕಾಯಿತು. ಮೇಲೆ ಪೆನ್ಸಿಲ್ ಸೀಸ ತೀಡಿದೆ. ನಾಲ್ಕನೆಯ ತಂತಿ ಇದನ್ನು ಬರೆಯುವಾಗಲೂ ಅಲ್ಲೇ ಇದೆ, ಐದನೆಯ ವಾರ.

ಬಿರಡೆಗೆ ಜಾಸ್ತಿ ಹೇಳುವುದಿಲ್ಲ. ಜಾರಿದರೆ ಸೀಮೆಸುಣ್ಣ, ಹಿಡಿದುಕೊಂಡರೆ ಒಣ ಸೋಪು. ಕೋಣೆಯಲ್ಲಿ ಒಂದು ಬೋಗುಣಿ ನೀರು ಇಟ್ಟೆ. ತೇವದ ವಿಷಯದಲ್ಲಿ ಇಂಗ್ಲೆಂಡಿನ ಲ್ಯೂಟ್ ವಾದಕ ಥಾಮಸ್ ಮೇಸ್ 1676ರಲ್ಲಿ ಕೊಟ್ಟ ಸಲಹೆ ನನಗೆ ತುಂಬಾ ಇಷ್ಟ. ಹಗಲು ಲ್ಯೂಟನ್ನು ದಿನವೂ ಬಳಸುವ ಹಾಸಿಗೆಯಲ್ಲಿ, ಮೇಲುಹೊದಿಕೆ ಮತ್ತು ಕಂಬಳಿಯ ನಡುವೆ ಇಡಿ ಅನ್ನುತ್ತಾನೆ. ಇಂಗ್ಲೆಂಡಿನ ತೇವದಿಂದ ಕಾಪಾಡಲು. ನನ್ನ ಕಷ್ಟ ಅದರ ಉಲ್ಟಾ, ಒಣ ಗಾಳಿ. ಹಾಗಾಗಿ ಪೆಟ್ಟಿಗೆಯಲ್ಲೇ ಇಡುತ್ತೇನೆ.

ಮೆಟ್ಟಿಲು

ಎರಡನೇ ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ದಂಡಿಗೆ ಹತ್ತಿರ ಹಿಡಿದೆ.

"ಇದೇನೇ, ದಾರ ಸುತ್ತಿದ್ದೀಯ?"

"ಇದೇ ಮೆಟ್ಟಿಲು ಅಮ್ಮ. ಕರುಳಿನದು. ಗಂಟು ಹಾಕಿ ಕಟ್ಟೋದು. ಸರಿಸಬಹುದು."

"ಸರಿಸಬಹುದಾ? ಹಾಗಿದ್ರೆ ಮೇಳ ಕಟ್ಟೋರೇ ಬೇಡ."

"ನಾನೇ ಕಟ್ಟಬೇಕು. ಅದೇ ಕಷ್ಟ."

"ಕಷ್ಟ ಏನು ಬಂತು. ಮೇಳ ಕಟ್ಟೋಕೆ ಬಂದಾಗ ಪಕ್ಕದಲ್ಲೇ ಕೂತಿರ್ತಿದ್ದೆಯಲ್ಲ. ಅವರು ಅಳತೆಪಟ್ಟಿ ಹಿಡಿದಿದ್ದು ನೋಡಿದ್ದೀಯಾ? ಕಿವಿ ಇಟ್ಟು ಕಟ್ಟು."

ಮೇಳ ಕಟ್ಟುವವರು, ಅಂದರೆ ವೀಣೆಗೆ ಮೆಟ್ಟಿಲು ಕೂರಿಸುವವರು, ಬರುವ ದಿನ ನನಗೆ ಚೆನ್ನಾಗಿ ನೆನಪಿದೆ. ಮೇಣದ ವಾಸನೆ ಮನೆಯೆಲ್ಲ. ಒಂದೊಂದು ಹಿತ್ತಾಳೆ ಮೆಟ್ಟಿಲನ್ನು ಬಿಸಿ ಮೇಣದ ಮೇಲೆ ಕೂರಿಸಿ, ಮೀಟಿ, ಕೇಳಿ, ಕೂದಲಷ್ಟು ಸರಿಸಿ, ಮತ್ತೆ ಮೀಟಿ. ಇಪ್ಪತ್ನಾಲ್ಕೂ ಮುಗಿಯುವ ಹೊತ್ತಿಗೆ ಸಂಜೆ.

ಆದರೂ ಶುರು ಮಾಡಲು ಅಳತೆ ಬೇಕಿತ್ತು. ವಿನ್ಸೆಂಜೊ ಗೆಲಿಲಿ ಕೊಟ್ಟದ್ದು ಸುಲಭ. ಆತ ಲ್ಯೂಟ್ ವಾದಕ, ಖಗೋಳದ ಗೆಲಿಲಿಯೋನ ತಂದೆ. 1581ರ ಪುಸ್ತಕದಲ್ಲಿ ಆತ ಹೇಳಿದ ಲೆಕ್ಕ ಹೀಗೆ: ಉಳಿದ ಉದ್ದವನ್ನು 18 ಭಾಗ ಮಾಡಿ, ಒಂದು ಭಾಗ ಬಿಟ್ಟು ಮೆಟ್ಟಿಲು ಕಟ್ಟಿ. ಉಳಿದದ್ದನ್ನು ಮತ್ತೆ 18 ಮಾಡಿ, ಮುಂದಿನದು ಕಟ್ಟಿ. ನನ್ನ 60 ಸೆಂಟಿಮೀಟರಿಗೆ ಮೊದಲ ಮೆಟ್ಟಿಲು 33.3 ಮಿಲಿಮೀಟರಿಗೆ, ಎರಡನೆಯದು 64.8ಕ್ಕೆ. ಹನ್ನೆರಡು ಸಲ ಹೀಗೆ ಹೋದರೆ ಸರಿಯಾಗಿ ಅರ್ಧಕ್ಕೆ, 300ಕ್ಕೆ, ಬರಬೇಕು. ಬರುವುದು 297.8ಕ್ಕೆ. ಎರಡು ಮಿಲಿಮೀಟರ್ ಕಡಿಮೆ. ತಂತಿ ಒತ್ತಿದಾಗ ಸ್ವಲ್ಪ ಬಿಗಿಯಾಗಿ ಸ್ವರ ಏರುತ್ತದೆ, ಆ ಏರಿಕೆಯೇ ಕೊರತೆಯನ್ನು ತುಂಬುತ್ತದೆ. ಕೈಗೆ ಒಂದು ಕೈವಾರ ಸಾಕು, ಬೇರೇನೂ ಬೇಡ. ಇದೇ ಮನುಷ್ಯ ತಂತಿಗಳಿಗೆ ತೂಕ ನೇತುಹಾಕಿ, ಸ್ವರ ಒಂದು ಸ್ಥಾಯಿ ಏರಬೇಕಾದರೆ ತೂಕ ಎರಡಲ್ಲ, ನಾಲ್ಕು ಪಟ್ಟು ಬೇಕು ಅಂತ ತೋರಿಸಿದ. ಬಾಗಿಲ ಚಿಲಕಕ್ಕೆ ಬದಿಗಿಟ್ಟ ತಂತಿಯೊಂದನ್ನು ಕಟ್ಟಿ, ಮೊದಲು ಅರ್ಧ ಲೀಟರ್ ನೀರು, ಆಮೇಲೆ ಎರಡು ಲೀಟರ್ ನೇತುಹಾಕಿ ಮೀಟಿ ನೋಡಿದೆ. ಷಡ್ಜ, ಮೇಲಿನ ಷಡ್ಜ. ಮೈ ಜುಮ್ಮೆಂದಿತು.

ಕಟ್ಟುವುದು ಕೈಗೆ ಬರಲು ಒಂದು ಸಂಜೆ ಹಿಡಿಯಿತು. ದಂಡಿ ತಲೆಯ ಕಡೆ ಸಣ್ಣ, ಹೊಟ್ಟೆಯ ಕಡೆ ಅಗಲ. ಹಾಗಾಗಿ ಮೆಟ್ಟಿಲನ್ನು ಅದರ ಜಾಗಕ್ಕಿಂತ ತಲೆಯ ಹತ್ತಿರ ಕಟ್ಟಿ, ಆಮೇಲೆ ಹೊಟ್ಟೆಯ ಕಡೆ ನೂಕಬೇಕು. ನೂಕಿದಷ್ಟೂ ಬಿಗಿ. ಗಂಟು ದಂಡಿಯ ಅಂಚಿನಲ್ಲಿ, ಹೆಬ್ಬೆರಳು ತಾಗದ ಕಡೆ. ಉಳಿದ ತುದಿಗಳನ್ನು ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಕಾದ ಸಾಲ್ಡರಿಂಗ್ ಕಬ್ಬಿಣ ತಾಗಿಸಿದರೆ ಸಾಸಿವೆ ಕಾಳಿನಷ್ಟು ಗುಂಡಾಗುತ್ತದೆ. ಆ ಗುಂಡು ಗಂಟಿನಿಂದ ತುದಿ ಜಾರದಂತೆ ತಡೆಯುತ್ತದೆ. ಸುಟ್ಟ ಕೂದಲಿನ ವಾಸನೆ ಬರುತ್ತದೆ, ಕಿಟಕಿ ತೆಗೆಯಿರಿ. ಮೊದಲ ಮೂರು ಗಂಟು ಸಡಿಲವಾಗಿ ಬಿಚ್ಚಿದೆ. ನಾಲ್ಕನೆಯದನ್ನು ಇಕ್ಕಳದಲ್ಲಿ ಎಳೆದಾಗ ದಂಡಿಗೆ ಕಚ್ಚಿಕೊಂಡಿತು.

ಎಲ್ಲ ಮೆಟ್ಟಿಲಿಗೂ ಒಂದೇ ದಪ್ಪ ಹಾಕಿದ್ದೇ ಮೊದಲಿನ ತಪ್ಪು. ಡೌಲ್ಯಾಂಡ್ ಹೇಳುವುದು ಹೀಗೆ: ಮೊದಲ ಎರಡಕ್ಕೆ ನಾಲ್ಕನೇ ಜೋಡಿಯ ತಂತಿಯ ದಪ್ಪ, ಮುಂದಿನ ಎರಡಕ್ಕೆ ಮೂರನೆಯದರದು, ಆಮೇಲಿನ ಎರಡಕ್ಕೆ ಎರಡನೆಯದರದು, ಉಳಿದವಕ್ಕೆ ಮೇಲಿನ ಸಣ್ಣ ತಂತಿಯದು. ಹೊಟ್ಟೆಯ ಕಡೆ ಹೋದಂತೆ ಮೆಟ್ಟಿಲು ತಗ್ಗುತ್ತಾ ಹೋದರೆ ಎಲ್ಲಿ ಒತ್ತಿದರೂ ತಂತಿಗೆ ಮುಂದೆ ಜಾಗ ಇರುತ್ತದೆ. ನನ್ನ ದಂಡಿ ಅಷ್ಟು ಸಣ್ಣದಕ್ಕೆ ಒಪ್ಪಲಿಲ್ಲ. 1.00 ಮಿಲಿಮೀಟರಿನಿಂದ ಶುರುಮಾಡಿ ಎಂಟನೆಯದಕ್ಕೆ 0.65ಕ್ಕೆ ಇಳಿಸಿದೆ.

ಇಲ್ಲೇ ಎಲ್ಲಕ್ಕಿಂತ ಸೊಗಸಾದ ಸಂಗತಿ ಗೊತ್ತಾಗಿದ್ದು. ಬ್ರೆಷಿಯಾದ ವಿನ್ಸೆಂಜೊ ಕಪಿರೋಲ ಅನ್ನುವ ವಾದಕನ ಸಂಗೀತವನ್ನು ಅವನ ಶಿಷ್ಯ 1517ರ ಸುಮಾರಿಗೆ ಚಿತ್ರ ಬಿಡಿಸಿದ ಕೈಬರಹದಲ್ಲಿ ಉಳಿಸಿದ್ದಾನೆ. ಅದರ ಮುನ್ನುಡಿಯಲ್ಲಿ ಗುರುವಿನ ಗುಟ್ಟುಗಳಿವೆ. ಅದರಲ್ಲಿ ಒಂದು: ಮೆಟ್ಟಿಲು ತಂತಿಯನ್ನು ಇನ್ನೇನು ಮುಟ್ಟಬೇಕು ಅನ್ನುವಷ್ಟು ಹತ್ತಿರ ಇರಲಿ, ಆಗ ಲ್ಯೂಟ್ ಹಾರ್ಪ್‌ನ ಹಾಗೆ ನುಡಿಯುತ್ತದೆ. ಆ ಕಾಲದ ಹಾರ್ಪ್‌ಗಳಲ್ಲಿ ತಂತಿಗೆ ಒಂದು ಮರದ ಚೂರು ತಾಗಿಸಿ ಝೇಂಕಾರ ಹುಟ್ಟಿಸುತ್ತಿದ್ದರು. ಅದನ್ನು ಓದಿದಾಗ ತಂಬೂರಿಯ ಕುದುರೆ ಮೇಲೆ ತಂತಿಯಡಿ ಇಡುವ ದಾರದ ಎಳೆ ಕಣ್ಣಮುಂದೆ ಬಂತು. ವೀಣೆಯ ಕುದುರೆಯ ಹಿತ್ತಾಳೆ ತಗಡಿನ ಬಾಗೂ ಇದಕ್ಕೇ. ತಂತಿ ತಗಡನ್ನು ಸವರಿಕೊಂಡು ಹೋದಾಗ ಮೇಲಿನ ಹಾರ್ಮೋನಿಕ್‌ಗಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ. ಲ್ಯೂಟಿನ ಕುದುರೆಯಲ್ಲಿ ಅಂಥ ತಗಡಿಲ್ಲ. ತಂತಿಯನ್ನು ಕುದುರೆಗೇ ಗಂಟು ಹಾಕುತ್ತಾರೆ. ಆದರೆ ಕಪಿರೋಲ ಅದೇ ಜೀವವನ್ನು ಮೆಟ್ಟಿಲುಗಳಲ್ಲಿ ಹುಡುಕಿದ್ದ.

ಮೊದಲ ಮೆಟ್ಟಿಲನ್ನು 1.00ರಿಂದ 1.05ಕ್ಕೆ ಏರಿಸಿದೆ. ಮೂರನೇ ಜೋಡಿಯಲ್ಲಿ ಝಂ ಅನ್ನುವ ಒಂದು ತೆಳು ಹೊಳಪು ಬಂತು. 1.10 ಹಾಕಿದೆ, ಬರೀ ಕರಕರ. ಮತ್ತೆ 1.05ಕ್ಕೆ ವಾಪಸ್. ಕೂದಲಿನ ದಪ್ಪದಷ್ಟು ಅಂತರದಲ್ಲಿ ನಾದ ಒಂದು ಕಡೆ, ಗಲಾಟೆ ಇನ್ನೊಂದು ಕಡೆ.

ಜಾಗದ ವಿಷಯದಲ್ಲಿ ಒಂದು ರಾಜಿ ಮಾಡಬೇಕಾಯಿತು. ಆ ಕಾಲದ ಕಿವಿ ಇಷ್ಟಪಟ್ಟ ಶ್ರುತಿಯಲ್ಲಿ ಅರ್ಧ ಸ್ವರಗಳು ಎರಡು ತರಹ, ಒಂದು ದೊಡ್ಡದು, ಒಂದು ಸಣ್ಣದು. ಆ ಶ್ರುತಿಯ ಗಾಂಧಾರ ಕೇಳಿದರೆ ಇವತ್ತಿನ ಕೀಬೋರ್ಡಿನ ಗಾಂಧಾರ ಒರಟು ಅನ್ನಿಸುತ್ತದೆ. ನನ್ನ ತಂತಿಯಲ್ಲಿ ಸಣ್ಣ ಅರ್ಧ ಸ್ವರ 25.8 ಮಿಲಿಮೀಟರಿಗೆ, ದೊಡ್ಡದು 39.2ಕ್ಕೆ. ಮೊದಲ ಮೆಟ್ಟಿಲಲ್ಲಿ ಎರಡನೇ ಜೋಡಿಗೆ ದೊಡ್ಡದು ಬೇಕು, ನಾಲ್ಕನೇ ಜೋಡಿಗೆ ಸಣ್ಣದು ಬೇಕು. ಮೆಟ್ಟಿಲು ಒಂದೇ. ನಾನು ನುಡಿಸುವುದರಲ್ಲಿ ದೊಡ್ಡದು ಜಾಸ್ತಿ ಬರುತ್ತದೆ. ಅದಕ್ಕೆ 36ರ ಹತ್ತಿರ ನಿಲ್ಲಿಸಿದೆ. ಅಮ್ಮ ಹೇಳಿದ ಹಾಗೆ ಕೊನೆಗೆ ಅಳತೆಪಟ್ಟಿ ಬದಿಗಿಟ್ಟು ಕಿವಿ ಇಟ್ಟೆ.

ಕೈ

ತಂತಿ ಸರಿ, ಮೆಟ್ಟಿಲು ಸರಿ. ಈಗ ದನಿ ಬಂತು, ಆದರೆ ಚೂರು ಚೂರಾಗಿ.

ನಾನು ಆರು ವರ್ಷ ವೀಣೆ ಕಲಿತವಳು. ತೋರುಬೆರಳು, ನಡುಬೆರಳಿನಿಂದ ಕೆಳಮುಖವಾಗಿ ಮೀಟು, ಕಿರುಬೆರಳಿನಿಂದ ತಾಳದ ತಂತಿ. ಲ್ಯೂಟಿನಲ್ಲಿ ಕಿರುಬೆರಳನ್ನು ಮೇಲ್ಹಲಗೆಯ ಮೇಲೆ, ಕುದುರೆಯ ಹತ್ತಿರ, ಊರಿ ಅಲ್ಲಾಡಿಸದೆ ಇಡಬೇಕು. ನನ್ನ ಕಿರುಬೆರಳು ಒಪ್ಪಲಿಲ್ಲ. ಪ್ರತಿ ಆವರ್ತದ ಹೊತ್ತಿಗೆ ಎದ್ದು, ಇಲ್ಲದ ತಾಳದ ತಂತಿಯನ್ನು ಹುಡುಕುತ್ತಿತ್ತು. ಎರಡು ವಾರ ಅದರ ಕಡೆಯೇ ಗಮನ.

ಯುರೋಪಿನಲ್ಲಿ 15ನೇ ಶತಮಾನದ ಹೆಚ್ಚಿನ ಭಾಗ ಲ್ಯೂಟನ್ನು ಗರಿಯಿಂದ ಮೀಟುತ್ತಿದ್ದರು, ಅರಬರ ಊದ್ ವಾದ್ಯದ ಹಾಗೆಯೇ. ಆ ಶತಮಾನದ ಕೊನೆಗೆ ಹಲವು ದನಿಗಳನ್ನು ಒಟ್ಟಿಗೆ ನುಡಿಸಬೇಕು ಅನ್ನಿಸಿದಾಗ ಗರಿ ಬಿಟ್ಟು ಬೆರಳು ಬಂತು. ಆದರೆ ಕೈ ಗರಿಯ ನಡೆಯನ್ನು ಮರೆಯಲಿಲ್ಲ. ಮುಂಗೈ ತಂತಿಗಳಿಗೆ ಹೆಚ್ಚುಕಮ್ಮಿ ಸಮಾನಾಂತರ. ಹೆಬ್ಬೆರಳು ಕೆಳಗೆ ಹೊಡೆದು ಅಂಗೈಯ ಒಳಗೆ, ಉಳಿದ ಬೆರಳುಗಳ ಹಿಂದಕ್ಕೆ ಹೋಗುತ್ತದೆ. ತೋರುಬೆರಳು ಮೇಲಕ್ಕೆ ಬರುತ್ತದೆ. ಹೆಬ್ಬೆರಳಿಗೆ ಭಾರ, ತೋರುಬೆರಳಿಗೆ ಹಗುರ. ಭಾರ, ಹಗುರ, ಭಾರ, ಹಗುರ. ವೆನಿಸ್‌ನಲ್ಲಿ ಪೆತ್ರುಚ್ಚಿ 1507ರಲ್ಲಿ ಅಚ್ಚು ಹಾಕಿದ ಮೊದಲ ಲ್ಯೂಟ್ ಪುಸ್ತಕದಲ್ಲೇ, ಯಾವ ಮೆಟ್ಟಿಲು ಒತ್ತಬೇಕು ಅಂತ ಹೇಳುವ ಅಂಕಿಗಳಲ್ಲಿ ಕೆಲವುದರ ಕೆಳಗೆ ಚುಕ್ಕಿ ಇದೆ. ಚುಕ್ಕಿ ಇದ್ದರೆ ಮೇಲಕ್ಕೆ ಮೀಟು ಅಂತ ಅರ್ಥ.

ನಾನು ಮೊದಲು ಬೆರಳನ್ನು ಮಾತ್ರ ಆಡಿಸುತ್ತಿದ್ದೆ. ಆಡಬೇಕಾದ್ದು ಮುಂಗೈ. ಮೊಣಕೈಯಿಂದ ಸ್ವಲ್ಪ ತೂಗಿದರೆ ಹೆಬ್ಬೆರಳು ತಾನಾಗಿ ಜೋಡಿಯ ಎರಡೂ ತಂತಿಯನ್ನು ಸವರಿ ಒಳಗೆ ಹೋಗುತ್ತದೆ. ಇದು ಮುಖ್ಯ. ಜೋಡಿಯಲ್ಲಿ ಒಂದೇ ತಂತಿಗೆ ತಾಗಿದರೆ ದನಿ ಅರ್ಧ. ನೈಲಾನಿನ ಬಿಗಿ ತಂತಿಯಲ್ಲಿ ಕೈ ಒತ್ತಿ ಮೀಟಲು ಕಲಿಯುತ್ತದೆ. ಮೂರು ಕಿಲೋ ಎಳೆತದ ಕರುಳಿನಲ್ಲಿ ಒತ್ತಿದರೆ ಎರಡು ತಂತಿ ಒಂದಕ್ಕೊಂದು ಬಡಿದು ಕಟಕಟ ಅನ್ನುತ್ತವೆ. ಸವರಿದರೆ ಮಾತ್ರ ಹಾಡುತ್ತವೆ.

ಉಗುರು ಕತ್ತರಿಸಿದೆ. ವೀಣೆಗೆಂದು ಬೆಳೆಸಿದ ಅಭ್ಯಾಸ, ಮನಸ್ಸಿಗೆ ಸ್ವಲ್ಪ ನೋವಾಯಿತು. ಈ ವಿಷಯದಲ್ಲಿ ಹಳಬರಲ್ಲೇ ಜಗಳವಿದೆ. ಬೊಲೊನ್ಯಾದ ಲ್ಯೂಟ್ ವಾದಕ ಪಿಚ್ಚಿನೀನಿ 1623ರಲ್ಲಿ ಉಗುರು ಬೇಕು ಅಂದ. ಮೇಸ್ ಮಾಂಸದ ತುದಿಯೇ ಸರಿ ಅಂದ. ನನ್ನ ಕಿವಿ ಮೇಸ್ ಕಡೆ. ಉಗುರು ಮೇಲಿನ ಹಾರ್ಮೋನಿಕ್‌ಗಳನ್ನು ಜಾಸ್ತಿ ಎಬ್ಬಿಸುತ್ತದೆ. ವೀಣೆಯ ಲೋಹದ ತಂತಿಗೆ ಅದು ಸರಿ. ಇಲ್ಲಿ ಜೋಡಿಯ ಎರಡು ಕರುಳಿಗೆ ಉಗುರು ಒಂದಾದ ಮೇಲೊಂದು ತಾಗಿ ಎರಡು ಸದ್ದು ಕೇಳುತ್ತದೆ. ಮಾಂಸ ಎರಡನ್ನೂ ಒಟ್ಟಿಗೆ ಬಿಡುತ್ತದೆ.

ಎಲ್ಲಿ ಮೀಟಬೇಕು ಅನ್ನುವುದಕ್ಕೆ ಮತ್ತೆ ಅಳತೆಪಟ್ಟಿ ಹಿಡಿದೆ. ಕುದುರೆಯಿಂದ 12 ಸೆಂಟಿಮೀಟರ್ ಅಂದರೆ ತಂತಿಯ ಐದನೇ ಒಂದು ಭಾಗ. ಅಲ್ಲಿ ಮೀಟಿದರೆ ಐದನೇ ಹಾರ್ಮೋನಿಕ್ ಏಳುವುದೇ ಇಲ್ಲ. ದನಿ ದುಂಡಗೆ. 6 ಸೆಂಟಿಮೀಟರಿಗೆ ಬಂದರೆ ಒಂಬತ್ತನೆಯದರವರೆಗೂ ಎಲ್ಲ ಏಳುತ್ತವೆ. ದನಿ ಚುರುಕು, ಸ್ಪಷ್ಟ. ಹೆಬ್ಬೆರಳು ಒಳಗೆ ಹೋಗುವ ಕೈ ಸಹಜವಾಗಿ ಜಾಲರಿಯ ಕಡೆ ನಿಲ್ಲುತ್ತದೆ. 1600ರ ಹೊತ್ತಿಗೆ ಕೆಳಗಿನ ಜೋಡಿಗಳು ಹೆಚ್ಚಾದವು. ವಾದಕರು ಹೆಬ್ಬೆರಳನ್ನು ಹೊರಗೆ ಚಾಚಿ, ಕೈಯನ್ನು ಕುದುರೆಯ ಕಡೆ ತಂದರು. ಡೌಲ್ಯಾಂಡ್ ಕೂಡ ಮೊದಲು ಹೆಬ್ಬೆರಳು ಒಳಗಿಟ್ಟು ನುಡಿಸುತ್ತಿದ್ದ, ಆಮೇಲೆ ಬದಲಾಯಿಸಿದ ಅಂತ ಆ ಕಾಲದ ಒಂದು ಕೈಬರಹದಲ್ಲಿದೆ. ಏಳು ಜೋಡಿಯ ನನ್ನ ವಾದ್ಯ ಎರಡು ಕಾಲದ ನಡುವಿನದು. ಹೆಬ್ಬೆರಳು ಒಳಗೇ ಇಟ್ಟಿದ್ದೇನೆ.

ಐದನೆಯ ವಾರದ ಗುರುವಾರ ರಾತ್ರಿ ಪೆತ್ರುಚ್ಚಿಯ ಚುಕ್ಕಿಗಳನ್ನು ಅನುಸರಿಸಿ ಒಂದು ಸಣ್ಣ ತುಣುಕನ್ನು ನಿಲ್ಲದೆ ನುಡಿಸಿದೆ. ಜೋರು ದನಿ ಅಲ್ಲ. ಆದರೆ ಕೋಣೆಯ ಆ ತುದಿಯಲ್ಲಿಟ್ಟ ಫೋನಿನಲ್ಲಿ ಅಮ್ಮನಿಗೆ ಪ್ರತಿ ಸ್ವರ ಕೇಳಿಸಿತು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಕಿರುಬೆರಳು ಎಲ್ಲಿಟ್ಟಿದ್ದೆ?" ಅಂತ ಕೇಳಿದರು.

ಫೋನನ್ನು ಹತ್ತಿರ ತಂದು ತೋರಿಸಿದೆ. ಕುದುರೆಯ ಪಕ್ಕ, ಸ್ಪ್ರೂಸ್ ಮೇಲೆ, ಬೆರಳ ತುದಿಯಷ್ಟು ಜಾಗ ಆಗಲೇ ಸ್ವಲ್ಪ ಮಾಸಿತ್ತು.